ಎಕ್ಸ್‌ಚೇಂಜ್ ಸಿಂಧನೂರಿಗೂ ಬರಲಿ

ಕಾಲೇಜಿನ ನೋಟಿಸ್ ಬೋರ್ಡಿಗೆ ಆಗಾಗ ಒಂದು ‘ಇಂಟರ್‌ನ್ಯಾಷನಲ್ ಎಕ್ಸ್‌ಚೇಂಜ್’ ಪೋಸ್ಟರ್ ಬರುತ್ತೆ. ಫೋಟೋದಲ್ಲಿ ಹಿಮ, ಹಳೇ ಕಟ್ಟಡ, ನಗುವ ಮುಖಗಳು. ಕೆಳಗೆ ಸಣ್ಣ ಅಕ್ಷರದಲ್ಲಿ ಷರತ್ತುಗಳು: ಒಳ್ಳೆ ಸಿಜಿಪಿಎ ಇರಬೇಕು, ಬ್ಯಾಕ್‌ಲಾಗ್ ಇರಬಾರದು, ಪಾಸ್‌ಪೋರ್ಟ್ ಇರಬೇಕು, ವಿಮಾನದ ಖರ್ಚು ನಿಮ್ಮದೇ. ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆಯಿಂದ ಬಂದ ನಾವು ಅದನ್ನ ಓದಿ ಕ್ಯಾಂಟೀನಿಗೆ ಹೋಗ್ತೀವಿ. ಮನಸ್ಸಿಗೆ ಇಂಥದ್ದೊಂದು ಬದಲಾವಣೆ ಯಾರಿಗೆ ಹೆಚ್ಚು ಬೇಕೋ, ಅವರೇ ಮೊದಲ ಷರತ್ತಿಗೇ ಹೊರಗೆ ಬೀಳ್ತಾರೆ.

ಮನಸ್ಸಿನ ಮಾತು ಯಾಕೆ ಅಂದ್ರೆ, 2022ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ ವಿದ್ಯಾರ್ಥಿಗಳು 13,044 ಅಂತ ಎನ್‌ಸಿಆರ್‌ಬಿ ಲೆಕ್ಕ ಹೇಳುತ್ತೆ. ಕಾಲೇಜುಗಳು ಇದಕ್ಕೆ ಕೊಡೋ ಉತ್ತರ ಸಾಮಾನ್ಯವಾಗಿ ಸೆಮಿನಾರ್ ಹಾಲಲ್ಲಿ ಒಂದು ಪಿಪಿಟಿ, ಕೊನೆಗೆ ಅಟೆಂಡೆನ್ಸ್. ನಮ್ಮ ಕಷ್ಟ ಪಿಪಿಟಿಯಲ್ಲಿ ಬರಲ್ಲ. ಸಂವಿಧಾನದ 371ಜೆ ಪ್ರಕಾರ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಕಲ್ಯಾಣ ಕರ್ನಾಟಕಕ್ಕೆ ಶೇ. 8 ಸೀಟು ಸಿಗುತ್ತೆ, ಹಾಗಾಗಿ ನಮ್ಮಲ್ಲಿ ಹಲವರು ಇಲ್ಲಿದ್ದೀವಿ. ಹಾಸ್ಟೆಲಲ್ಲಿ ಹೆಸರು ಕೇಳೋಕೆ ಮುಂಚೆ ‘ಜೆ ಕೋಟಾನಾ?’ ಅಂತ ಕೇಳೋರು ಇದ್ದಾರೆ. ‘ಹೌದಲೇ’ ಅಂದ್ರೆ ಆ ‘ಲೇ’ಗೂ ನಗು. ಇಂಗ್ಲಿಷ್ ಮೀಡಿಯಂ ಓದಿ ಬಂದೋರಿಗೂ ಬಾಯಿ ಬಿಡೋಕೆ ಒಂದು ಸೆಮಿಸ್ಟರ್ ಬೇಕಾಯ್ತು. ಇದು ಕಾಯಿಲೆ ಅಲ್ಲ. ಆದರೆ ದಿನಾ ಸ್ವಲ್ಪ ಸ್ವಲ್ಪ ಕುಗ್ಗಿಸೋ ಸಂಗತಿ ಹೌದು.

ಒಳ್ಳೆ ಎಕ್ಸ್‌ಚೇಂಜ್ ಇದಕ್ಕೆ ಏನು ಮಾಡುತ್ತೆ? ಯುರೋಪಿನ ಎರಾಸ್ಮಸ್ ಪ್ಲಸ್ ನೋಡಿ. ಅಲ್ಲಿನ ಯುವ ವಿನಿಮಯದಲ್ಲಿ 13ರಿಂದ 30 ವಯಸ್ಸಿನವರು ಬೇರೆ ಬೇರೆ ದೇಶಗಳಿಂದ ಗುಂಪಾಗಿ ಬಂದು 5ರಿಂದ 21 ದಿನ ಒಟ್ಟಿಗಿರ್ತಾರೆ. ಇದು ಓದಿನ ಪ್ರವಾಸ ಅಲ್ಲ, ಮಾರ್ಕ್ಸ್ ಇಲ್ಲ. ಏನು ಮಾಡಬೇಕು ಅಂತ ಯೋಜಿಸೋದ್ರಲ್ಲಿ ಹುಡುಗರದೇ ಕೈ ಇರುತ್ತೆ. ಅವಕಾಶ ಕಡಿಮೆ ಇರೋರನ್ನ ಸೇರಿಸಿಕೊಂಡ್ರೆ ಅದಕ್ಕಂತಲೇ ಹೆಚ್ಚಿನ ನೆರವು ಇದೆ. ನಾವು ಟಾಪರ್‌ಗಳನ್ನ ಹುಡುಕ್ತೀವಿ, ಅವರು ಹಿಂದೆ ಉಳಿದವರನ್ನ ಹುಡುಕ್ತಾರೆ, ವ್ಯತ್ಯಾಸ ಇಲ್ಲಿದೆ. ಇನ್ನೊಂದು, ಅಂಥ ಗುಂಪಲ್ಲಿ ಬಹುತೇಕ ಎಲ್ಲರ ಇಂಗ್ಲಿಷೂ ಎರಡನೇ ಭಾಷೆ, ಎಲ್ಲರೂ ತಡವರಿಸ್ತಾರೆ. ನಿಮ್ಮ ರ್‍ಯಾಂಕ್, ಕೋಟಾ, ಬ್ಯಾಕ್‌ಲಾಗ್ ಯಾರಿಗೂ ಗೊತ್ತಿರಲ್ಲ. ಪಾತ್ರೆ ತೊಳೆಯೋ ಪಾಳಿ ಬಂದಾಗ ಬಂದ್ರೆ ಸಾಕು. ಹತ್ತು ದಿನ ಬೇರೆಯೇ ಮನುಷ್ಯ ಆಗಿ ಬದುಕಿ ನೋಡೋ ಅವಕಾಶ ಅದು.

ಹಾಗಂತ ಎಲ್ಲರೂ ಯುರೋಪಿಗೆ ಹೋಗೋದು ಆಗದ ಮಾತು. ನಮ್ಮ ಕೇಳಿಕೆ ಉಲ್ಟಾ: ಅವರು ಸಿಂಧನೂರಿಗೆ ಬರಲಿ.

ನಗಬ್ಯಾಡ್ರಿ. ಸಿಂಧನೂರಿಗೆ ಹೊರಗಿನವರು ಹೊಸಬರಲ್ಲ. ತುಂಗಭದ್ರಾ ಎಡದಂಡೆ ಕಾಲುವೆ ಬಂದಾಗ ಆಂಧ್ರದಿಂದ ರೈತರು ಬಂದು ಕ್ಯಾಂಪ್ ಕಟ್ಟಿಕೊಂಡು ಭತ್ತ ಬೆಳೆದ್ರು. ಅಂದಿನ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರ ಆರ್‌ಎಚ್ ಕ್ಯಾಂಪ್‌ಗಳು ತಾಲೂಕಿನಲ್ಲೇ ಇವೆ. ಮನೆಯಲ್ಲಿ ಬಂಗಾಳಿ, ಪೇಟೆಯಲ್ಲಿ ಕನ್ನಡ. ಮನೆ ಬಿಟ್ಟು ಬಂದವರು ಇನ್ನೊಂದು ಊರಲ್ಲಿ ಹೇಗೆ ಗಟ್ಟಿಯಾಗ್ತಾರೆ ಅನ್ನೋ ಪಾಠ ಕೇಳೋಕೆ ಇದಕ್ಕಿಂತ ಒಳ್ಳೆ ಜಾಗ ಯಾವುದು?

ಲಿಂಗಸುಗೂರು ತಾಲೂಕಿನಲ್ಲಿ ಹಟ್ಟಿ ಚಿನ್ನದ ಗಣಿ, ಮುದಗಲ್ ಕೋಟೆ. ಮಸ್ಕಿಯಲ್ಲಿ ಅಶೋಕನ ಶಾಸನ. ಅದನ್ನ 1915ರಲ್ಲಿ ಪತ್ತೆ ಮಾಡಿದ್ದು ಬೀಡನ್ ಅನ್ನೋ ಚಿನ್ನದ ಗಣಿ ಎಂಜಿನಿಯರ್, ಇತಿಹಾಸ ಪ್ರೊಫೆಸರ್ ಅಲ್ಲ (ನಮ್ಮ ಬ್ರಾಂಚಿನವರು ಹೆಮ್ಮೆ ಪಡಬಹುದು). ‘ದೇವಾನಾಂಪ್ರಿಯ’ ಅಂದ್ರೆ ಅಶೋಕನೇ ಅಂತ ಖಚಿತ ಆಗಿದ್ದು ಇದರಿಂದ. ಆ ಕಲ್ಲಿನ ಸಂದೇಶದ ಸಾರ ಇನ್ನೂ ಚೆನ್ನಾಗಿದೆ: ಈ ಗುರಿ ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ದಕ್ಕುತ್ತೆ. ಎಕ್ಸ್‌ಚೇಂಜ್ ಷರತ್ತು ಬರೆಯೋರು ಒಮ್ಮೆ ಮಸ್ಕಿಗೆ ಬಂದು ಹೋಗಬೇಕು.

ಆತಿಥ್ಯ ಕೊಡೋದ್ರಲ್ಲಿ ಇನ್ನೊಂದು ಲಾಭ ಇದೆ. ಹಾಸ್ಟೆಲಲ್ಲಿ ಮೂಲೆ ಹಿಡಿದು ಕೂರೋ ಹುಡುಗ ತನ್ನ ಊರಲ್ಲಿ ಗೈಡು, ದುಭಾಷಿ, ಮನೆಮಗ ಎಲ್ಲಾ ಅವನೇ. ಅವನ ಭಾಷೆ ಅಲ್ಲಿ ನಗೆಪಾಟಲಲ್ಲ, ಅದಿಲ್ಲದೆ ಕೆಲಸವೇ ನಡೆಯಲ್ಲ. ಹುಡುಗಿಯರಿಗಂತೂ ಇದು ಹೆಚ್ಚು ನಿಜ. ಮಗಳನ್ನ ವಿದೇಶಕ್ಕೆ ಕಳಿಸು ಅಂದ್ರೆ ‘ಬ್ಯಾಡವ್ವ’ ಅನ್ನೋ ಮನೆಗಳು, ಇಬ್ಬರು ಹುಡುಗಿಯರು ನಮ್ಮ ಮನೇಲಿ ನಾಲ್ಕು ದಿನ ಇರ್ತಾರೆ ಅಂದ್ರೆ ಜೋಳದ ರೊಟ್ಟಿಗೆ ಹಿಟ್ಟು ಬೀಸಿಸ್ತವೆ. (ಮೇ ತಿಂಗಳಲ್ಲಿ ಮಾತ್ರ ಯಾರನ್ನೂ ಕರೀಬಾರದು, ಆ ಬಿಸಿಲಿಗೆ ಸ್ನೇಹ ಉಳಿಯಲ್ಲ.)

ಇದು ಔಷಧ ಅಲ್ಲ ಅನ್ನೋದೂ ನಮಗೆ ಗೊತ್ತು. ನಿದ್ದೆ ಬಿಟ್ಟು, ಊಟ ಬಿಟ್ಟು ಕೂತವರಿಗೆ ಬೇಕಿರೋದು ಡಾಕ್ಟರ್. ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದ್ರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಹತ್ತು ದಿನ ಕುಣಿದು ವಾಪಸ್ ಬಂದ ಮೇಲೆ ಖಾಲಿ ಖಾಲಿ ಅನ್ಸೋದೂ ಇದೆ. ಅದಕ್ಕೇ ಒಂದು ಸಲದ ಜಾತ್ರೆ ಆಗದೆ, ಅದೇ ಗುಂಪು ತಿಂಗಳಿಗೊಮ್ಮೆ ಮಾತಾಡೋ ಏರ್ಪಾಡು ಇರಬೇಕು.

ದುಡ್ಡೆಲ್ಲಿ ಅಂತ ಕೇಳ್ತೀರಿ. ಶುರುವಿಗೆ ಹೆಚ್ಚೇನೂ ಬೇಡ. ಎನ್‌ಎಸ್‌ಎಸ್‌ನ ಏಳು ದಿನದ ಶಿಬಿರ ಹೇಗೂ ಯಾವುದೋ ಹಳ್ಳಿಯಲ್ಲಿ ಆಗುತ್ತೆ, ಮುಂದಿನದು ಮಸ್ಕಿ ತಾಲೂಕಿನಲ್ಲಿ ಆಗಲಿ. ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಈಗಾಗಲೇ ಓದ್ತಿರೋ ಆಫ್ರಿಕಾ, ನೇಪಾಳದ ವಿದ್ಯಾರ್ಥಿಗಳನ್ನ ಕರೆಯೋಣ. ಅವರಿಗೂ ಇಲ್ಲಿ ಒಂಟಿತನ ಇದೆ, ಅವರನ್ನ ಮನೆಗೆ ಊಟಕ್ಕೆ ಕರೆದೋರು ಎಷ್ಟು ಜನ? ಊಟ, ವಸತಿ ನಮ್ಮ ಮನೆಗಳು ನೋಡಿಕೊಳ್ತವೆ. ಬಸ್ಸು ಕಾಲೇಜು ಕೊಡಲಿ.