‘ಖಾಲಿ ಜಾಗ’ ಅಂದ್ರ ಯಾರ ಜಾಗ?

“ನಿಮ್ ಯಾದಗಿರಿ ಕಡೆ ಬೇಕಾದಷ್ಟು ಖಾಲಿ ಜಾಗ ಬಿದ್ದಿದೆಯಲ್ಲ ಮಗಾ, ಅಲ್ಲೊಂದು ಸೂಪರ್‌ಸ್ಪೀಡ್‌ವೇ ಹಾಕಿದ್ರೆ ಹೆಂಗೆ?” ಅಂದ ಆಫೀಸಿನ ಗೆಳೆಯ. ಅವನ ಫೋನಿನಲ್ಲಿ ಅಮೆರಿಕದ ಸ್ಟಾಕ್ ಕಾರ್ ರೇಸ್ ಓಡ್ತಿತ್ತು. ನಲವತ್ತು ಕಾರು ಒಂದಕ್ಕೊಂದು ಮೂಗು ತಾಗಿಸಿಕೊಂಡು ಗೋಡೆಯ ಹಾಗೆ ವಾಲಿದ ತಿರುವಿನಲ್ಲಿ ನುಗ್ಗುತ್ತಿದ್ದವು. ಅದನ್ನ ಪಕ್ಕಕ್ಕೆ ಸರಿಸಿ ಮ್ಯಾಪ್ ತೆಗೆದು ಶಹಾಪುರ, ಸುರಪುರದ ನಡುವಿನ ಕಂದು ಬಣ್ಣದ ಮೇಲೆ ಬೆರಳಿಂದ ಒಂದು ದೊಡ್ಡ ಮೊಟ್ಟೆ ಬರೆದ. “ನೋಡು, ಏನೂ ಇಲ್ಲ ಇಲ್ಲಿ.”

ಅವನು ಒಳ್ಳೆಯ ಹುಡುಗ. ಕೆಟ್ಟದ್ದು ಆ ‘ಏನೂ ಇಲ್ಲ’ ಅನ್ನೋ ಮಾತು. ಇಂಥ ಮಾತನ್ನ ನಮ್ಮ ವಾರಿಗೆಯವರ ಬಾಯಲ್ಲಿ ಎಷ್ಟು ಸಲ ಕೇಳೀನಿ ಲೆಕ್ಕ ಇಟ್ಟಿಲ್ಲ. ಅದಕ್ಕೇ ಇದನ್ನ ಬರೀತಿದ್ದೀನಿ.

ಮ್ಯಾಪಿನಲ್ಲಿ ಕಂದು ಕಾಣೋದು ಎರಿ ಭೂಮಿ. ಬ್ಯಾಸಿಗ್ಯಾಗ ಯಾರು ನೋಡಿದ್ರೂ ಅದು ಖಾಲೀನೇ. ಮಳೆ ಬಿದ್ದ ಮೇಲೆ ನೋಡ್ರಿ: ತೊಗರಿ, ಹತ್ತಿ, ಹಿಂಗಾರಿಗೆ ಜೋಳ. ನಾರಾಯಣಪುರ ಡ್ಯಾಮಿನ ಎಡದಂಡೆ ಕಾಲುವೆ ನೀರು ಹರಿಯೋ ಕಡೆ ಭತ್ತ. ‘ಖಾಲಿ’ ಅನ್ನೋದು ಆ ಜಮೀನಿನ ಗುಣ ಅಲ್ಲ, ನೋಡೋ ತಿಂಗಳಿನ ಗುಣ. ಆದ್ರೆ ಸರ್ವೆ ಮಾಡೋರು ಬರೋದು ಹೆಚ್ಚಾಗಿ ಬ್ಯಾಸಿಗ್ಯಾಗೇ! ಕಡೇಚೂರು, ಬಾಡಿಯಾಳದ ರೈತರನ್ನ ಕೇಳಿದ್ರೆ ಉಳಿದದ್ದು ಹೇಳ್ತಾರೆ. ಕೈಗಾರಿಕಾ ಪ್ರದೇಶಕ್ಕಂತ ಅಲ್ಲಿ ಮೂರು ಸಾವಿರ ಎಕರೆಗೂ ಹೆಚ್ಚು ಜಮೀನು ಹೋಯ್ತು. ರೈಲ್ವೆ ಬೋಗಿ ಘಟಕ ಬಂತು, ಔಷಧ ಮತ್ತು ಕೆಮಿಕಲ್ ಕಾರ್ಖಾನೆಗಳು ಬಂದವು. ಅವುಗಳ ನಾತದ ಬಗ್ಗೆ ಸುತ್ತಲಿನ ಹಳ್ಳಿಯವರು ಇವತ್ತಿಗೂ ದೂರು ಕೊಡ್ತಿದ್ದಾರೆ.

ನಾನೇನು ರೇಸ್ ವಿರೋಧಿ ಅಲ್ಲ. ಭಾನುವಾರ ರಾತ್ರಿ ನಿದ್ದೆಗೆಟ್ಟು ಫಾರ್ಮುಲಾ ಒನ್ ನೋಡೋ ಜಾತಿಯವನೇ. ಅದಕ್ಕೇ ಗೆಳೆಯ ಅಷ್ಟು ಮೆಚ್ಚಿದ ಸೂಪರ್‌ಸ್ಪೀಡ್‌ವೇಯ ಕಥೆಯನ್ನ ಪೂರ್ತಿ ಹೇಳಬೇಕು ಅನ್ನಿಸ್ತದೆ.

1969ರಲ್ಲಿ ಅಮೆರಿಕದ ಅಲಬಾಮಾದಲ್ಲಿ ಟಲ್ಲಡೀಗ ಅನ್ನೋ ಹೊಸ ಟ್ರ್ಯಾಕ್ ತೆರೆಯಿತು. ಒಂದು ಸುತ್ತು 2.66 ಮೈಲಿ, ಅಂದ್ರೆ ಸುಮಾರು 4.28 ಕಿಲೋಮೀಟರ್. ತಿರುವುಗಳ ವಾಲು 33 ಡಿಗ್ರಿ. ಕಟ್ಟಿಸಿದವನು ನಾಸ್ಕಾರ್ ಸಂಸ್ಥೆಯ ಯಜಮಾನ ಬಿಲ್ ಫ್ರಾನ್ಸ್. ಕಾರುಗಳು ಗಂಟೆಗೆ 190 ಮೈಲಿ ದಾಟಿದವು ನೋಡಿ, ಕೆಲವೇ ಸುತ್ತಿನಲ್ಲಿ ಟೈರು ಚಿಂದಿಯಾಗತೊಡಗಿದವು. ರಿಚರ್ಡ್ ಪೆಟ್ಟಿ ಮುಂದಾಳತ್ವದ ಡ್ರೈವರ್‌ಗಳ ಸಂಘ, ಈ ಟೈರಿನ ಮೇಲೆ ನಾವು ಓಡಿಸಲ್ಲ, ರೇಸ್ ಮುಂದೂಡಿ ಅಂತು. ಫ್ರಾನ್ಸ್ ಕೇಳಲಿಲ್ಲ. ಟ್ರ್ಯಾಕ್ ಸುರಕ್ಷಿತ ಅಂತ ತೋರಿಸೋಕೆ ತಾನೇ ಕಾರು ಹತ್ತಿ ಸುತ್ತು ಹಾಕಿದ. ದೊಡ್ಡ ದೊಡ್ಡ ಡ್ರೈವರ್‌ಗಳು ಗಂಟುಮೂಟೆ ಕಟ್ಟಿಕೊಂಡು ಊರಿಗೆ ಹೊರಟರು. ಸೆಪ್ಟೆಂಬರ್ 14ರಂದು ಸಿಕ್ಕವರನ್ನ ಇಟ್ಟುಕೊಂಡೇ ರೇಸ್ ನಡೆಯಿತು. ಅಷ್ಟೇನೂ ಹೆಸರಿಲ್ಲದ ರಿಚರ್ಡ್ ಬ್ರಿಕ್‌ಹೌಸ್ ಗೆದ್ದ.

ಈ ಕಥೆಯಲ್ಲಿ ಎರಡು ಮಾತು ನನಗೆ ಮುಖ್ಯ. ಓಡಿಸೋರಿಗೆ ‘ಒಲ್ಲೆ’ ಅನ್ನೋ ಗಂಟಲಿತ್ತು, ಅದೊಂದು. ಆ ಟ್ರ್ಯಾಕ್ ಆಕಾಶದಿಂದ ಉದುರಿದ್ದಲ್ಲ, ಅದು ಇನ್ನೊಂದು. ಅದು ಎದ್ದದ್ದು ಹಳೆಯ ವಿಮಾನ ನೆಲೆಯ ಜಾಗದಲ್ಲಿ. ನಾಸ್ಕಾರ್ ಶುರುವಾದದ್ದು 1948ರಲ್ಲಿ. ಅದಕ್ಕೂ ಮೊದಲೇ ದಕ್ಷಿಣದ ರಾಜ್ಯಗಳಲ್ಲಿ ಕಳ್ಳಭಟ್ಟಿ ಸಾಗಿಸೋರು ಪೊಲೀಸರ ಕಣ್ಣು ತಪ್ಪಿಸೋಕೆ ಮಾಮೂಲಿ ಕಾರಿನ ಇಂಜಿನ್ ಬಿಚ್ಚಿ ಕಟ್ಟಿ ಪಳಗಿದ್ದರು. ಸ್ಟಾಕ್ ಕಾರ್ ಅಂದ್ರೇನು? ಶೋರೂಮಿನಲ್ಲಿ ಸಿಗೋ ಕಾರು, ಅಷ್ಟೇ. (ಈಗಿನವು ಹೆಸರಿಗೆ ಮಾತ್ರ ಹಾಗೆ.) ಡೇಟೋನಾದಲ್ಲಿ 1959ರಲ್ಲಿ ದೊಡ್ಡ ಟ್ರ್ಯಾಕ್ ಏಳೋ ತನಕ ರೇಸ್ ನಡೀತಿದ್ದದ್ದು ಸಮುದ್ರದ ದಂಡೆಯ ಮರಳಿನಲ್ಲಿ. ಮೊದಲು ಹುಚ್ಚು ಬಂತು, ಆಮೇಲೆ ಜನ ಬಂದ್ರು, ಕಡೆಗೆ ಕಾಂಕ್ರೀಟು.

ನಮ್ಮ ದೇಶದಲ್ಲಿ ಇದು ತಿರುಗಾಮುರುಗಾ. ನೋಯ್ಡಾ ಹತ್ತಿರ ಬುದ್ಧ ಇಂಟರ್‌ನ್ಯಾಷನಲ್ ಸರ್ಕ್ಯೂಟ್ ಕಟ್ಟಿದರು, 5.125 ಕಿಲೋಮೀಟರ್. ಅದೊಂದು ಬರೀ ಟ್ರ್ಯಾಕ್ ಆಗಿರಲಿಲ್ಲ. ಮನೆ, ಸ್ಟೇಡಿಯಂ ಎಲ್ಲ ಸೇರಿದ ‘ಸ್ಪೋರ್ಟ್ಸ್ ಸಿಟಿ’, ಸುಮಾರು 1,000 ಹೆಕ್ಟೇರ್. ಅದೇ ಯಮುನಾ ಎಕ್ಸ್‌ಪ್ರೆಸ್‌ವೇ ಪಟ್ಟಿಯ ಭೂಸ್ವಾಧೀನದ ಜಗಳದಲ್ಲಿ 2011ರ ಮೇ ತಿಂಗಳು ಭಟ್ಟಾ ಪರಸೌಲ್ ಹಳ್ಳಿಯಲ್ಲಿ ರೈತರೂ ಸತ್ತರು, ಪೊಲೀಸರೂ ಸತ್ತರು. ಐದು ತಿಂಗಳಾದ ಮೇಲೆ, ಅಕ್ಟೋಬರ್ 30ಕ್ಕೆ, ಮೊದಲ ಫಾರ್ಮುಲಾ ಒನ್ ರೇಸ್. 2011, 2012, 2013, ಮೂರೂ ವರ್ಷ ವೆಟ್ಟೆಲ್ ಗೆದ್ದ. ನಾಲ್ಕನೇ ರೇಸು ಬರಲೇ ಇಲ್ಲ. ಇದು ಕ್ರೀಡೆಯಲ್ಲ ಮನರಂಜನೆ, ತೆರಿಗೆ ಕಟ್ಟಿ ಅಂತ ಸರ್ಕಾರ. ಕಂಪನಿ ಸಾಲದಲ್ಲಿ ಮುಳುಗಿತು. 2020ರಲ್ಲಿ ಪ್ರಾಧಿಕಾರ ಜಮೀನಿನ ಹಂಚಿಕೆಯನ್ನೇ ರದ್ದು ಮಾಡಿತು. 2023ರಲ್ಲಿ ಮೋಟೊಜಿಪಿ ಬಂದು ಒಂದು ಸಲ ಎಬ್ಬಿಸಿ ಹೋಯ್ತು. ಶಹಾಪುರದ ಗುಡ್ಡದಾಗೂ ಒಬ್ಬ ಬುದ್ಧ ಮಲಗಿದ್ದಾನೆ. ಆದ್ರೆ ಅವನನ್ನ ಮಲಗಿಸೋಕೆ ಯಾರ ಹೊಲವನ್ನೂ ಕಿತ್ತುಕೊಂಡಿಲ್ಲ.

ನಮಗೆ ಹತ್ತಿರದ ಊರು ಹೈದರಾಬಾದು. ಯಾದಗಿರಿಯವರಿಗೆ ಬೆಂಗಳೂರಿಗಿಂತ ಅದೇ ಸಮೀಪ. ಅಲ್ಲಿ 2023ರ ಫೆಬ್ರುವರಿ 11ಕ್ಕೆ ಹುಸೇನ್ ಸಾಗರದ ದಂಡೆಯಲ್ಲಿ ಫಾರ್ಮುಲಾ ಇ ನಡೆಯಿತು. ಫೋಟೋ ಚೆಂದ ಬಂದವು. ಮುಂದಿನ ವರ್ಷದ ರೇಸ್ ಸರ್ಕಾರ ಬದಲಾದ ಕೂಡಲೇ ರದ್ದು. 2024ರ ಡಿಸೆಂಬರಿಗೆ ಹಣ ಪಾವತಿಯ ಬಗ್ಗೆ ಭ್ರಷ್ಟಾಚಾರ ನಿಗ್ರಹ ದಳದ ಕೇಸು. ಕೋಟಿಗಟ್ಟಲೆ ಜನ ಇರೋ ರಾಜಧಾನಿಯಲ್ಲೇ ಒಂದು ರೇಸು ಎರಡನೇ ವರ್ಷ ಕಾಣಲಿಲ್ಲ. ಸುರಪುರದಾಗ ಕಾಣ್ತದಂತ?

ಎರಿ ಮಣ್ಣಿನ ಮಾತು ಬೇರೆ. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕಾಲು ಹೋಗೋ ಹಾಗೆ ಬಿರಿಯುತ್ತದೆ. ನಮ್ಮ ಕಡೆಯ ರಸ್ತೆಗಳು ಅಲೆಅಲೆಯಾಗಿ ಕುಸಿಯೋದಕ್ಕೆ ಗುತ್ತಿಗೆದಾರ ಒಬ್ಬನೇ ಕಾರಣ ಅಲ್ಲ, ಕೆಳಗಿನ ಮಣ್ಣೂ ಕಾರಣ. ಅದರ ಮೇಲೆ ಗೋಡೆಯಂಥ ತಿರುವು ನಿಲ್ಲಿಸಿ, 40 ಡಿಗ್ರಿ ದಾಟೋ ಬಿಸಿಲಿನಲ್ಲಿ ಟೈರು ಉಜ್ಜಿಸಬೇಕಂದ್ರೆ ಎಷ್ಟು ದುಡ್ಡು ಸುರಿಯಬೇಕು ಅಂತ ಸಿವಿಲ್ ಇಂಜಿನಿಯರುಗಳನ್ನ ಕೇಳಿ ನೋಡಿ.

ಹಂಗಾದ್ರೆ ಸಣ್ಣ ಊರಿಗೆ ಓಟ ಬೇಡವಾ? ನಮ್ಮೂರಿಗೆ ಓಟ ಯಾರೂ ಕಲಿಸಬೇಕಿಲ್ಲ. ಕಾರಹುಣ್ಣಿಮೆ ದಿನ ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಸಂಜಿಗೆ ಅಗಸಿ ಮುಂದೆ ಕರಿ ಹರಿಸ್ತೀವಿ. ಬಿಳಿ ಎತ್ತು ಮೊದಲು ಬಂದ್ರೆ ಹಿಂಗಾರಿ, ಕೆಂದ ಎತ್ತು ಬಂದ್ರೆ ಮುಂಗಾರಿ ಚಲೋ ಅಂತ ಲೆಕ್ಕ. ಇಡೀ ಓಟ ಕಣ್ಣು ಮಿಟುಕಿಸೋದರೊಳಗೆ ಮುಗೀತದೆ, ಅದರ ಚರ್ಚೆ ಮಾತ್ರ ವಾರಗಟ್ಟಲೆ. ಎತ್ತಿಗೆ ಹಿಂಸೆ ಆಗಬಾರದು ಅನ್ನೋದು ನ್ಯಾಯದ ಮಾತು. 2014ರಲ್ಲಿ ಸುಪ್ರೀಂ ಕೋರ್ಟ್ ಎತ್ತಿನ ಓಟಗಳನ್ನ ತಡೆದು, ಆಮೇಲೆ ರಾಜ್ಯ ತಿದ್ದುಪಡಿ ತಂದು, 2023ರ ಮೇ ತಿಂಗಳು ಸಂವಿಧಾನ ಪೀಠ ಆ ತಿದ್ದುಪಡಿ ಎತ್ತಿಹಿಡಿಯೋ ತನಕ ಅದರ ವಾದ ನಡೆದೇ ಇತ್ತು. ನಾನು ಹೇಳ್ತಿರೋದು ಜಾಗದ ಮಾತು. ಸಂಜಿಗೆ ಓಟ ಆದ ರಸ್ತೆ ಮುಂಜಾನೆಗೆ ಮತ್ತೆ ರಸ್ತೆಯೇ. ಕೊಡಗಿನಲ್ಲಿ ಕೊಯ್ಲಾದ ಗದ್ದೆಯಲ್ಲಿ ಆಟೋಕ್ರಾಸ್ ಮಾಡ್ತಾರಲ್ಲ, ಮಳೆಗಾಲಕ್ಕೆ ಅದು ಮತ್ತೆ ಗದ್ದೆ. ಚೆನ್ನೈ ಹತ್ತಿರದ ಶೋಲಾವರಂನಲ್ಲಿ ದಶಕಗಟ್ಟಲೆ ಕಾರು ಓಡಿದ್ದು ಎರಡನೇ ಮಹಾಯುದ್ಧದ ಕಾಲದ ಪಾಳು ರನ್‌ವೇ ಮೇಲೆ. ಅಲ್ಲಿ ಓಡಿಸಿ ಹದವಾದ ಕ್ಲಬ್ಬಿನವರೇ ಮುಂದೆ ಇರುಂಗಟ್ಟುಕೋಟೈಯಲ್ಲಿ ಸ್ವಂತ ಟ್ರ್ಯಾಕ್ ಮಾಡಿಕೊಂಡರು. ಅದು 1990ರಿಂದ ಇವತ್ತಿನ ತನಕ ನಡೀತಿದೆ. ಜಾಗ ಕಡ ತಗೊಂಡು ಶುರುವಾದ ಓಟಗಳು ಉಳಿದವು. ಜಾಗ ಕಿತ್ತುಕೊಂಡು ಶುರುವಾದದ್ದರ ಮೇಲೆ ಹುಲ್ಲು ಬೆಳೀತು.

“ಉದ್ಯೋಗ ಬರ್ತದಲ್ಲ?” ಅಂತ ಕೇಳ್ತೀರಿ. ವರ್ಷಕ್ಕೆ ಮೂರು ದಿನ ಪಾರ್ಕಿಂಗ್ ಚೀಟಿ ಹರಿಯೋ ಉದ್ಯೋಗ ಬರ್ತದೆ. ಉಳಿದ ದಿನ ನಮ್ಮ ಹುಡುಗರು ಈಗಿನ ಹಾಗೇ ಗುಳೆ ಎದ್ದು ನಿಮ್ಮ ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟಿನ ಸೆಂಟ್ರಿಂಗ್ ಬಡೀತಾರೆ. ಒಂದೇ ವ್ಯತ್ಯಾಸ, ವಾಪಸ್ ಹೋಗೋಕೆ ಹೊಲ ಇರಲ್ಲ.

“ಟ್ರ್ಯಾಕ್ ಇಲ್ಲದೆ ಡ್ರೈವರ್ ಹುಟ್ಟೋದು ಹೆಂಗೆ?” ಅನ್ನೋ ಪ್ರಶ್ನೆಗೆ ಬೆಲೆ ಇದೆ. 2010ರಲ್ಲಿ ನಾರಾಯಣ್ ಕಾರ್ತಿಕೇಯನ್ ನಾಸ್ಕಾರ್‌ನ ಟ್ರಕ್ ಸರಣಿಯಲ್ಲಿ ಓಡಿಸಿದ. ಆ ವರ್ಷ ಅಲ್ಲಿನ ಅಭಿಮಾನಿಗಳು ಅತ್ಯಂತ ಜನಪ್ರಿಯ ಡ್ರೈವರ್ ಅಂತ ಆರಿಸಿದ್ದು ಅವನನ್ನೇ. ಅವನು ಬಂದದ್ದು ಕೊಯಮತ್ತೂರಿನಿಂದ. ಅಲ್ಲಿ ಗ್ಯಾರೇಜು ಇತ್ತು, ಮೆಕ್ಯಾನಿಕ್ಕು ಇದ್ದ, ವಾರ ವಾರ ಓಡಿಸೋರಿದ್ದರು.

ಸುರಪುರದಲ್ಲೂ ಮೆಕ್ಯಾನಿಕ್ ಇದ್ದಾರೆ. ಟಂಟಂ, ಕ್ರೂಸರ್ ಇಂಜಿನ್ನುಗಳನ್ನ ಕಂಪನಿ ಆಸೆ ಬಿಟ್ಟ ಮೇಲೂ ಹತ್ತು ವರ್ಷ ಓಡಿಸೋ ಕೈಗಳು. ಬೈಕಿನ ಸೈಲೆನ್ಸರ್ ಕಿತ್ತು ಹೈವೇ ಮೇಲೆ ಜೀವ ಪಣಕ್ಕಿಡೋ ಹುಡುಗರೂ ಇದ್ದಾರೆ. ಇವರಿಗೇನಾದರೂ ಮಾಡಬೇಕು ಅನ್ನಿಸಿದ್ರೆ ಹೊಸ ಒಂದು ಎಕರೆಯೂ ಬೇಡ. ಕಡೇಚೂರಿನಲ್ಲಿ ಈಗಾಗಲೇ ಕಿತ್ತುಕೊಂಡ ಜಮೀನಿದೆ, ಅದರೊಳಗೆ ರಸ್ತೆ ಹಾಕಿದ್ದಾರೆ. ತಿಂಗಳಿಗೊಂದು ಭಾನುವಾರ ಮುಂಜಾನೆ ಅದರ ಒಂದು ತುಂಡಿಗೆ ಹಗ್ಗ ಕಟ್ಟಿ, ಹುಲ್ಲಿನ ಪೆಂಡಿ ಜೋಡಿಸಿ, ಹೆಲ್ಮೆಟ್ ಕೊಟ್ಟು, ಯಾದಗಿರಿ ಮೆಡಿಕಲ್ ಕಾಲೇಜಿನಿಂದ ಒಂದು ಆಂಬುಲೆನ್ಸ್ ತಂದು ನಿಲ್ಲಿಸಲಿ. ಪ್ರವೇಶ ಪುಕ್ಕಟೆ. ಮೊದಲ ಸಾಲಿನ ಕುರ್ಚಿ ಜಮೀನು ಕಳಕೊಂಡವರಿಗೆ. ಗೆಳೆಯನಿಗೆ ಹೋಗಿಬರೋ ರೈಲಿನ ಟಿಕೆಟ್ ನಾನೇ ತೆಗಿಸ್ತೀನಿ.