ಎತ್ತಿಗೆ ಜ್ವರ, ಎಮ್ಮೆಗೆ ಬರೆ

ನಮ್ಮ ಮನೆಯ ಕಪಾಟಿನಲ್ಲಿ ಒಂದು ಡಿಸ್ಕ್ ಇದೆ. ಚಿಕ್ಕಪ್ಪ ಮಂಗಳೂರಿನ ಕಾಲೇಜಿನಲ್ಲಿ ಓದುತ್ತಿದ್ದಾಗ, ಅಜ್ಜ ಖರ್ಚಿಗೆಂದು ಕೊಡುತ್ತಿದ್ದ ಹಣದಲ್ಲಿ ಉಳಿಸಿ ಕೊಂಡ ಕಂಪ್ಯೂಟರ್ ಆಟವದು. ಕಳೆದ ಓಣಂ ರಜೆಯಲ್ಲಿ ನಾವು ಅದನ್ನು ಹೊಸ ಕಂಪ್ಯೂಟರಿಗೆ ಹಾಕಿದೆವು. ಪೆಟ್ಟಿಗೆಯ ಮೇಲಿದ್ದ ಉದ್ದನೆಯ ಸಂಖ್ಯೆಯನ್ನು ತಪ್ಪಿಲ್ಲದೆ ಒತ್ತಿದೆವು. ಕಂಪೆನಿಯ ಕೇಂದ್ರದಿಂದ ಅನುಮತಿ ಕೇಳಲಾಗುತ್ತಿದೆ ಎಂಬ ಸಾಲು ಪರದೆಯ ಮೇಲೆ ಮೂಡಿತು. ಅರ್ಧ ಗಂಟೆ ಕಾದರೂ ಉತ್ತರ ಬರಲಿಲ್ಲ. ಆ ಕೇಂದ್ರವನ್ನು ಎಂದೋ ಮುಚ್ಚಿದ್ದಾರೆಂದು ಆಮೇಲೆ ತಿಳಿಯಿತು. ನೆರೆಮನೆಯ ಗೆಳೆಯನು ಅದೇ ಆಟವನ್ನು, ಬೀಗ ಒಡೆದ ಕಳ್ಳಪ್ರತಿಯಾಗಿ, ಒಂದು ಕಾಸೂ ಕೊಡದೆ ಪೆನ್‌ಡ್ರೈವಿನಲ್ಲಿ ತಂದಿದ್ದನು. ಅವನ ಮನೆಯಲ್ಲಿ ಅದು ಯಾವ ತಕರಾರೂ ಇಲ್ಲದೆ ನಡೆಯುತ್ತಿತ್ತು. “ಕೊಂಡವರು ನೀವು, ಆಡುವವನು ನಾನು” ಎಂದು ಅವನು ನಕ್ಕನು. ಆ ನಗೆಯೇ ಈ ಲೇಖನಕ್ಕೆ ಕಾರಣ.

ಪಾಠ ಬಿಟ್ಟು ಆಟದ ಮಾತನ್ನು ಶಾಲೆಯ ವಾರ್ಷಿಕ ಸಂಚಿಕೆಯಲ್ಲಿ ಬರೆಯುವುದೇ ಎಂದು ಪೋಷಕರು ಹುಬ್ಬೇರಿಸಬಹುದು. ಆದರೆ ಇಲ್ಲಿ ಮುಖ್ಯವಾದುದು ಆಟವಲ್ಲ. ಹಣ ಕೊಟ್ಟು ತಂದ ವಸ್ತು ನಮ್ಮದೋ, ಮಾರಿದವನದೋ ಎಂಬ ಪ್ರಶ್ನೆ ಇಲ್ಲಿದೆ. ಹಣ ಕೊಟ್ಟವರೇ ಅದನ್ನು ಕೊಡುವವರಾದ್ದರಿಂದ ಉತ್ತರ ಅವರಿಗೂ ಬೇಕು.

ಕಂಪೆನಿಗಳ ಕಷ್ಟವನ್ನು ನಾವು ಅಲ್ಲಗಳೆಯುವುದಿಲ್ಲ. ದೊಡ್ಡ ಆಟವೊಂದನ್ನು ಮಾಡಲು ನೂರಾರು ಜನ ವರ್ಷಗಟ್ಟಲೆ ದುಡಿಯುತ್ತಾರೆ. ಚಿತ್ರ ಬರೆಯುವವರು, ಸಂಗೀತ ಹೊಂದಿಸುವವರು, ಲೆಕ್ಕ ಹಾಕುವವರು ಎಲ್ಲರಿಗೂ ಸಂಬಳ ಬೇಕು. ಅದನ್ನು ನಕಲು ಮಾಡಲು ಕೆಲವೇ ನಿಮಿಷ ಸಾಕು. 1976ರಲ್ಲೇ ಬಿಲ್ ಗೇಟ್ಸ್ ಅವರು ಹವ್ಯಾಸಿಗಳಿಗೆ ಬಹಿರಂಗ ಪತ್ರ ಬರೆದು, ನೀವು ನಮ್ಮ ಕೆಲಸವನ್ನು ಕದಿಯುತ್ತಿದ್ದೀರಿ ಎಂದು ದೂರಿದ್ದರು. ಕಳ್ಳಪ್ರತಿ ಕಳ್ಳಪ್ರತಿಯೇ, ಅದಕ್ಕೆ ಬೇರೆ ಹೆಸರು ಹುಡುಕಬೇಕಾಗಿಲ್ಲ. ನಮ್ಮ ತಕರಾರು ಬೀಗದ ಬಗ್ಗೆ.

ಈ ಬೀಗಗಳ ಚರಿತ್ರೆ ಓದಿದರೆ ನಗು ಬರುತ್ತದೆ. ಆಟದ ಜೊತೆ ಬಂದ ಪುಸ್ತಕದ ಇಂತಿಷ್ಟನೆಯ ಪುಟದ, ಇಂತಿಷ್ಟನೆಯ ಸಾಲಿನ, ಇಂತಿಷ್ಟನೆಯ ಪದವನ್ನು ಬರೆ ಎಂದು ಕಂಪ್ಯೂಟರೇ ಮೇಷ್ಟ್ರಂತೆ ಕೇಳುವುದು ಒಂದು ಕಾಲದ ರೂಢಿ. 1985ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಲೆನ್ಸ್‌ಲಾಕ್ ಎಂಬ ಉಪಾಯ ಹೊರಟಿತು. ‘ಎಲೀಟ್’ ಎಂಬ ಆಟದ ಪೆಟ್ಟಿಗೆಯಲ್ಲಿ ಪ್ಲಾಸ್ಟಿಕ್ಕಿನ ಪಟ್ಟಕವೊಂದನ್ನು ಇಡುತ್ತಿದ್ದರು. ಪರದೆಯ ಮೇಲೆ ಚಿಂದಿಯಾಗಿ ಕಾಣುವ ಎರಡು ಅಕ್ಷರಗಳನ್ನು ಅದರ ಮೂಲಕ ನೋಡಿ ಓದಬೇಕು, ಓದಿ ಒತ್ತಬೇಕು. ಟೀವಿ ತೀರ ದೊಡ್ಡದಾದರೆ ಅಥವಾ ತೀರ ಚಿಕ್ಕದಾದರೆ ಅಕ್ಷರ ಕೂಡಿಬರುತ್ತಿರಲಿಲ್ಲ. ಇನ್ನು ಕೆಲವು ಪೆಟ್ಟಿಗೆಗಳಲ್ಲಿ ಬೇರೆ ಆಟದ ಪಟ್ಟಕವನ್ನೇ ತುಂಬಿಸಿ ಕಳಿಸಿಬಿಟ್ಟಿದ್ದರಂತೆ! ಕೊಂಡವನು ಕಣ್ಣು ಕಿರಿದು ಮಾಡಿಕೊಂಡು ಪರದೆಯ ಮುಂದೆ ಕುಳಿತಿರುವ ಚಿತ್ರವನ್ನು ಓದುಗರು ಊಹಿಸಿಕೊಳ್ಳಲಿ.

ನಗು ಅಲ್ಲಿಗೆ ಮುಗಿಯಿತು. ಇಂಟರ್ನೆಟ್ ಬಂದ ಮೇಲೆ ಬೀಗದ ಕೈ ಕೊಂಡವನ ಮನೆಯಲ್ಲಿ ಉಳಿಯದೆ ಕಂಪೆನಿಯ ಮನೆ ಸೇರಿತು. 2008ರಲ್ಲಿ ಇಲೆಕ್ಟ್ರಾನಿಕ್ ಆರ್ಟ್ಸ್ ಕಂಪೆನಿಯು ‘ಸ್ಪೋರ್’ ಎಂಬ ಆಟವನ್ನು ಹೊರತಂದಿತು. ಒಂದು ಕಣದಿಂದ ಜೀವ ಬೆಳೆದು ನಕ್ಷತ್ರಲೋಕ ಸೇರುವ ಸೊಗಸಾದ ಕಲ್ಪನೆ ಅದರದು. ಆದರೆ ಕೊಂಡವನು ಅದನ್ನು ಮೂರು ಸಲ ಮಾತ್ರ ಕಂಪ್ಯೂಟರಿಗೆ ಹಾಕಿಕೊಳ್ಳಬಹುದಿತ್ತು. ಆಮೇಲೆ ಕಂಪೆನಿಗೆ ಕೈಮುಗಿದು ಕೇಳಬೇಕು. ಜನ ರೊಚ್ಚಿಗೆದ್ದರು. ಅಮೆಜಾನ್ ಅಂಗಡಿಯಲ್ಲಿ ಕೆಲವೇ ದಿನಗಳೊಳಗೆ ಎರಡು ಸಾವಿರಕ್ಕೂ ಹೆಚ್ಚು ಮಂದಿ ಒಂದೇ ನಕ್ಷತ್ರ ಕೊಟ್ಟು ದೂರು ಬರೆದರು. ಮೂರನ್ನು ಐದು ಮಾಡಬೇಕಾಯಿತು. ಹಾಗಾದರೆ ಬೀಗ ಕಳ್ಳನನ್ನು ತಡೆಯಿತೇ? ಆಟ ಅಂಗಡಿಗೆ ಬರುವ ಮೊದಲೇ ಬೀಗ ಒಡೆದ ಪ್ರತಿ ಹೊರಗೆ ಸಿಗುತ್ತಿತ್ತು. ಮೂರರ ಲೆಕ್ಕ ಕೊಂಡವನಿಗೆ ಮಾತ್ರ.

2010ರಲ್ಲಿ ಯೂಬಿಸಾಫ್ಟ್ ಕಂಪೆನಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಕಂಪ್ಯೂಟರಿನಲ್ಲಿ ‘ಅಸಾಸಿನ್ಸ್ ಕ್ರೀಡ್ 2’ ಆಡುವಷ್ಟು ಹೊತ್ತೂ ಇಂಟರ್ನೆಟ್ ಇರಲೇಬೇಕು. ಸಂಪರ್ಕ ಕಡಿದರೆ ಆಟ ನಿಲ್ಲುತ್ತದೆ. ಬಂದ ಮೊದಲ ದಿನಗಳಲ್ಲೇ ಕಂಪೆನಿಯ ಸರ್ವರ್ ಕೈಕೊಟ್ಟು, ಹಣ ತೆತ್ತವರು ಆಡಲಾಗದೆ ಕುಳಿತರು. ಆಷಾಢದ ಗಾಳಿಗೆ ಕಂಬ ಬಿದ್ದು ಎರಡು ದಿನ ಕತ್ತಲೆಯಲ್ಲಿ ಕಳೆಯುವ ನಮ್ಮೂರಿನವರಿಗೆ ಇಂಥ ನಿಯಮದ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಜ್ಜನಿಗೆ ನಾವು ಇದನ್ನು ವಿವರಿಸಿದಾಗ ಅವರು ಡೇರೆ ಮೇಳದ ದಿನಗಳನ್ನು ನೆನೆದರು. ಟಿಕೇಟು ಕೊಂಡವರು ಬಾಗಿಲಿನಿಂದ ಒಳಗೆ ಹೋಗುತ್ತಿದ್ದರು. ಪುಂಡು ಹುಡುಗರು ಡೇರೆಯ ಬಟ್ಟೆಯ ಅಡಿಯಿಂದ ನುಸುಳುತ್ತಿದ್ದರು. ಮೇಳದವರು ನುಸುಳುವವರ ಕಾಲು ಹಿಡಿದು ಎಳೆಯುತ್ತಿದ್ದರಂತೆ. “ಆದರೆ ಟಿಕೇಟು ಕೊಟ್ಟು ಕುಳಿತವನನ್ನು ಗಂಟೆಗೊಮ್ಮೆ ಎಬ್ಬಿಸಿ, ಟಿಕೇಟು ತೋರಿಸು, ಇಲ್ಲದಿದ್ದರೆ ಭಾಗವತರ ಪದ ನಿಲ್ಲಿಸುತ್ತೇವೆ ಎಂದು ಯಾರೂ ಹೇಳಲಿಲ್ಲ ಮಕ್ಕಳೇ” ಎಂದರು. ಇಡೀ ವಾದವನ್ನು ಅಜ್ಜ ಒಂದೇ ಮಾತಿನಲ್ಲಿ ಮುಗಿಸಿದಂತಾಯಿತು.

ಇಷ್ಟಾದರೂ ಮೇಲಿನ ಆಟಗಳು ಹೇಗೋ ನಡೆದವು. ಅದೇ ಯೂಬಿಸಾಫ್ಟ್ 2014ರಲ್ಲಿ ಮಾರಿದ ‘ದಿ ಕ್ರೂ’ ಎಂಬ ಕಾರೋಟದ ಆಟದ ಗತಿ ಬೇರೆ. 2024ರ ಮಾರ್ಚ್ 31ರಂದು ಅದರ ಸರ್ವರನ್ನು ನಿಲ್ಲಿಸಿದರು. ಒಬ್ಬನೇ ಕುಳಿತು ಆಡುವುದೂ ಅಸಾಧ್ಯವಾಯಿತು. ಬಳಿಕ ಕೊಂಡವರ ಖಾತೆಗಳಿಂದಲೂ ಅದರ ಪರವಾನಗಿಯನ್ನು ಹಿಂತೆಗೆದುಕೊಂಡರು. ನೀವು ಕೊಂಡದ್ದು ಆಟವಲ್ಲ, ಆಡುವ ಅನುಮತಿ ಮಾತ್ರ ಎಂಬುದು ಕಂಪೆನಿಯ ಉತ್ತರ. ಅಂಗಡಿಯಲ್ಲಿ ‘ಕೊಳ್ಳಿರಿ’ ಎಂದು ದೊಡ್ಡಕ್ಷರದಲ್ಲಿ ಬರೆದವರು, ಸಣ್ಣಕ್ಷರದಲ್ಲಿ ‘ಬಾಡಿಗೆ’ ಎಂದು ಬರೆದಂತಾಯಿತು. ಅದರಲ್ಲೂ ಎಷ್ಟು ದಿನಕ್ಕೆ ಎಂದು ಹೇಳದ ಬಾಡಿಗೆ!

ಈ ಅನ್ಯಾಯವನ್ನು ಜನ ಸುಮ್ಮನೆ ನುಂಗಲಿಲ್ಲ. ರಾಸ್ ಸ್ಕಾಟ್ ಎಂಬವರು 2024ರಲ್ಲಿ ಆರಂಭಿಸಿದ ಚಳವಳಿಯು ಯುರೋಪಿನಲ್ಲಿ ಹರಡಿ, 2025ರ ಜುಲೈ ವೇಳೆಗೆ ಅಲ್ಲಿನ ನಾಗರಿಕರ ಮನವಿಗೆ ಹತ್ತು ಲಕ್ಷಕ್ಕೂ ಮೀರಿ ಸಹಿ ಬಿದ್ದಿತು. ಅವರು ಕೇಳಿದ್ದು ಸರ್ವರನ್ನು ಶಾಶ್ವತವಾಗಿ ನಡೆಸಿ ಎಂದಲ್ಲ. ಮುಚ್ಚುವಾಗ ಕೊಂಡವರು ಆಡುವಂತೆ ಒಂದು ದಾರಿ ಬಿಟ್ಟು ಹೋಗಿ ಎಂದು. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ 2025ರ ಜನವರಿ 1ರಿಂದ ಒಂದು ಕಾನೂನು ಜಾರಿಯಲ್ಲಿದೆ. ಕೊಡುತ್ತಿರುವುದು ಹಿಂತೆಗೆದುಕೊಳ್ಳಬಹುದಾದ ಅನುಮತಿ ಮಾತ್ರವಾದರೆ, ‘ಕೊಳ್ಳಿರಿ’ ಎನ್ನುವಾಗಲೇ ಅದನ್ನು ಸ್ಪಷ್ಟವಾಗಿ ತಿಳಿಸಬೇಕೆಂದು ಅದು ವಿಧಿಸುತ್ತದೆ. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯಿದೆಯ 52ನೆಯ ವಿಧಿಯೂ, ನ್ಯಾಯವಾಗಿ ಪಡೆದ ಕಂಪ್ಯೂಟರ್ ಪ್ರೋಗ್ರಾಮನ್ನು ನಷ್ಟವಾಗದಂತೆ ಕಾಪಾಡಲು ಪ್ರತಿ ಮಾಡಿ ಇಟ್ಟುಕೊಳ್ಳಲು ಬಿಡುತ್ತದೆ. ಆದರೆ ಪ್ರತಿ ಇದ್ದೇನು ಫಲ? ಅನುಮತಿ ಕೊಡುವ ಕೇಂದ್ರವೇ ಇಲ್ಲದಿದ್ದರೆ ಹತ್ತು ಪ್ರತಿಗಳೂ ಕಪಾಟಿನ ಅಲಂಕಾರವಷ್ಟೆ.

ಬೀಗವಿಲ್ಲದೆ ವ್ಯಾಪಾರ ನಡೆಯದು ಎನ್ನುವವರು ಪೋಲೆಂಡಿನತ್ತ ನೋಡಬೇಕು. ಅಲ್ಲಿನ ಸೀಡಿ ಪ್ರೊಜೆಕ್ಟ್ ಸಂಸ್ಥೆಯವರು 2008ರಲ್ಲಿ ನಕಲು-ತಡೆಯೇ ಇಲ್ಲದ ಆಟಗಳ ಅಂಗಡಿಯೊಂದನ್ನು ತೆರೆದರು. ತಮ್ಮದೇ ‘ವಿಚರ್ 3’ ಆಟವನ್ನು 2015ರಲ್ಲಿ ಅಲ್ಲಿ ಬೀಗವಿಲ್ಲದೆ ಮಾರಿದರು. ಬಗೆಬಗೆಯ ಯಂತ್ರಗಳಿಗೆ ಮಾರಿದ ಎಲ್ಲ ಪ್ರತಿಗಳೂ ಸೇರಿ 2023ರ ವೇಳೆಗೆ ಅದರ ಮಾರಾಟ ಐದು ಕೋಟಿ ದಾಟಿತ್ತು. ದೂರದ ಮಾತೇಕೆ, ಕೇರಳದ ಶಾಲೆಗಳ ಕಂಪ್ಯೂಟರುಗಳಲ್ಲಿ ನಾವು ಕಲಿಯುವುದು ಲಿನಕ್ಸ್‌ನಲ್ಲಿ. ಅದನ್ನು ಮನೆಗೆ ಒಯ್ದು ಹಾಕಿಕೊಂಡರೆ ಯಾರೂ ಕಳ್ಳನೆನ್ನುವುದಿಲ್ಲ. ಎಲ್ಲ ಆಟಗಳೂ ಹೀಗೆ ಪುಕ್ಕಟೆಯಾಗಲಿ ಎಂದು ನಾವು ಹೇಳುತ್ತಿಲ್ಲ. ನಂಬಿಕೆಯಿಂದಲೂ ಕೆಲಸ ನಡೆದೀತು ಎನ್ನುತ್ತೇವೆ.

ನಮಗೆ ಹೆಚ್ಚು ಹೆದರಿಕೆ ಹುಟ್ಟಿಸಿದ ಸಂಗತಿ ಆಟದ್ದಲ್ಲ, ಪುಸ್ತಕದ್ದು. 2009ರ ಜುಲೈಯಲ್ಲಿ ಅಮೆಜಾನ್ ಕಂಪೆನಿಯು ಓದುಗರು ಹಣ ಕೊಟ್ಟು ಕಿಂಡಲ್ ಯಂತ್ರಕ್ಕೆ ಇಳಿಸಿಕೊಂಡಿದ್ದ ಜಾರ್ಜ್ ಆರ್ವೆಲ್ಲರ ಎರಡು ಪುಸ್ತಕಗಳನ್ನು ದೂರದಿಂದಲೇ ಅಳಿಸಿಹಾಕಿತು. ಮಾರಿದವರಿಗೆ ಅದರ ಹಕ್ಕು ಇರಲಿಲ್ಲವೆಂಬುದು ಕಾರಣ. ಹಣ ಹಿಂದಿರುಗಿಸಿತು, ಆಮೇಲೆ ತಪ್ಪೊಪ್ಪಿಕೊಂಡಿತು ಎಂಬುದು ನಿಜ. ಆದರೆ ಕೈ ಚಾಚಿದರೆ ಮನೆಯೊಳಗಿನ ಪುಸ್ತಕವೂ ಸಿಗುತ್ತದೆಂದು ತೋರಿಸಿಬಿಟ್ಟಿತು. ಗಡಿಯ ಈಚೆ ಕನ್ನಡ ಓದುವ ನಮಗೆ ಹಳೆಯ ಪುಸ್ತಕಗಳೇ ಆಸ್ತಿ. ನಮ್ಮ ಶಾಲೆಯ ವಾಚನಾಲಯದಲ್ಲಿ ಅಪ್ಪಂದಿರು ಓದಿ ಅಂಚಿನಲ್ಲಿ ಹೆಸರು ಗೀಚಿದ ಕಾದಂಬರಿಗಳಿವೆ. ಅವುಗಳನ್ನು ತೆರೆಯಲು ಯಾವ ಊರಿನ ಅನುಮತಿಯೂ ಬೇಡ. ನಾಳೆ ನಮ್ಮ ಪಾಠಪುಸ್ತಕ, ನಿಘಂಟು ಎಲ್ಲವೂ ಪರದೆಗೆ ಬಂದಾಗ ಇದೇ ಮಾತು ಉಳಿದೀತೇ?

ನೆರೆಮನೆಯ ಗೆಳೆಯನು ತನ್ನ ಪೆನ್‌ಡ್ರೈವನ್ನು ನಮಗೆ ಕೊಡಲು ಬಂದನು. “ನಾನು ಒಮ್ಮೆ ಹಣ ಕೊಟ್ಟಾಗಿದೆ, ಹಾಕಿಕೊಳ್ಳಿ, ಪಾಪವಿಲ್ಲ” ಎಂದು ಚಿಕ್ಕಪ್ಪ. “ಒಡೆದ ಬೀಗದ ಜೊತೆ ಏನೇನು ಹುಳು ಬಂದೀತೋ, ಬೇಡ” ಎಂದು ಅಪ್ಪ. ನಾವು ಬೇಡವೆಂದೆವು. ಹಾಗೆ ಹೇಳುವಾಗ ಹೆಮ್ಮೆಯೇನೂ ಅನಿಸಲಿಲ್ಲ, ಸಿಟ್ಟು ಬಂತು. ಪ್ರಾಮಾಣಿಕನನ್ನು ಪೆದ್ದನಾಗಿ ಕಾಣಿಸುವ ಬೀಗ ಕಳ್ಳತನವನ್ನು ತಡೆಯುವುದಿಲ್ಲ, ಕಲಿಸುತ್ತದೆ; ನಮ್ಮ ತರಗತಿಯಲ್ಲೇ ಎಷ್ಟು ಮಂದಿ ಅದರಿಂದ ಪಾಠ ಕಲಿತಿದ್ದಾರೆಂದು ನಮಗೆ ಗೊತ್ತು.

ಡಿಸ್ಕಿನ ಪೆಟ್ಟಿಗೆಯ ಹಿಂದೆ ಕಂಪೆನಿಯ ವಿಳಾಸ ಇನ್ನೂ ಮಾಸದೆ ಉಳಿದಿದೆ. ಚಿಕ್ಕಪ್ಪನ ಹೆಸರಿನಲ್ಲಿ ಒಂದು ಕಾಗದ ಬರೆದಿದ್ದೇವೆ. ಬೀಗ ತೆಗೆದ ಪ್ರತಿಯೊಂದನ್ನು ಕೊಡಿ, ಇಲ್ಲವೇ ಅದನ್ನು ತೆಗೆಯಲು ನಮಗೆ ಲಿಖಿತ ಒಪ್ಪಿಗೆ ಕೊಡಿ ಎಂದು ಕೇಳಿದ್ದೇವೆ. ಈ ಸಂಚಿಕೆ ಅಚ್ಚಿಗೆ ಹೋಗುವವರೆಗೂ ಉತ್ತರ ಬಂದಿಲ್ಲ.