ಗಾಜಿನ ಬೆನ್ನಿಗೆ ಅಂಟಿದ ಬಣ್ಣ

ಬಟ್ಟೆಯ ಮೇಲೆ ಬರೆದ ಚಿತ್ರದಲ್ಲಿ ಕಲಾವಿದ ಕೊನೆಗೆ ಬಳಿದ ಬಣ್ಣವೇ ನೋಡುಗನಿಗೆ ಎದುರಾಗುತ್ತದೆ. ಗಾಜಿನ ಹಿಂಬದಿಯಲ್ಲಿ ಬರೆದ ಚಿತ್ರದಲ್ಲಿ ಈ ಕ್ರಮ ತಲೆಕೆಳಗಾಗಿ, ಕಣ್ಣಿನ ರೇಖೆ, ಒಡವೆಯ ಚುಕ್ಕಿಗಳಂಥ ಸೂಕ್ಷ್ಮ ವಿವರಗಳನ್ನು ಮೊದಲು ಬರೆದು ಹಿನ್ನೆಲೆಯನ್ನು ಕೊನೆಗೆ ತುಂಬಬೇಕಾಗುತ್ತದೆ. ಮೈಸೂರು, ತಂಜಾವೂರುಗಳ ಗಾಜಿನ ಚಿತ್ರಗಳು ಪಾಲಿಸಿದ ಈ ಕ್ರಮವನ್ನೇ 20ನೆಯ ಶತಮಾನದ ಶಿಕಾಗೋದಲ್ಲಿ ಗಾಟ್ಲೀಬ್, ಬ್ಯಾಲಿ, ವಿಲಿಯಮ್ಸ್ ಕಂಪನಿಗಳ ಪಿನ್‌ಬಾಲ್ ಆಟದ ಯಂತ್ರಗಳೂ ಅನುಸರಿಸಿದವು. ಯಂತ್ರದ ತಲೆಭಾಗದಲ್ಲಿ ನಿಲ್ಲಿಸುವ ಬ್ಯಾಕ್‌ಗ್ಲಾಸ್ ಎಂಬ ಚಿತ್ರಫಲಕಕ್ಕೆ ಜಾಲರಿಯ ಮೂಲಕ ಶಾಯಿಯನ್ನು ಒತ್ತುವ ಸ್ಕ್ರೀನ್ ಪ್ರಿಂಟಿಂಗ್ ವಿಧಾನದಲ್ಲಿ ಬಣ್ಣಗಳನ್ನು ಒಂದೊಂದಾಗಿ ಹಿಂಬದಿಯಿಂದ ಹಚ್ಚಿ, ಬೆಳಕು ಹಾಯಬಾರದ ಕಡೆಗಳಲ್ಲಿ ಅಪಾರದರ್ಶಕವಾದ ಮರೆಪದರವನ್ನು ಕೊಡಲಾಗುತ್ತಿತ್ತು.

ಈ ಚಿತ್ರಗಳಿಗೆ ಕಳೆ ತಂದ ಬೆಳಕೇ ಅವುಗಳ ಸವೆತಕ್ಕೂ ಕಾರಣವಾಯಿತು. ಫಲಕದ ಹಿಂದೆ ಉರಿಯುವ ಸಣ್ಣ ತಂತುದೀಪಗಳ ಶಾಖಕ್ಕೆ ಗಾಜೂ ಬಣ್ಣವೂ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗಿ, ದೀಪ ಆರಿದಾಗ ಹಾಗೆಯೇ ಕುಗ್ಗುವುದರಿಂದ, ವರ್ಷಗಳು ಕಳೆದಂತೆ ಶಾಯಿಯ ಹಿಡಿತ ಸಡಿಲವಾಗಿ, ಪದರವು ಬಿರುಕುಬಿಟ್ಟು ಹಕ್ಕಳೆಯಾಗಿ ಏಳುತ್ತದೆ. ತೇವವಿರುವ ಕೋಣೆಯಲ್ಲಿ ಯಂತ್ರವನ್ನಿಟ್ಟಿದ್ದರೆ ಹಾನಿ ಇನ್ನೂ ಹೆಚ್ಚು. ಇಂಥ ಫಲಕದ ಹಿಂಬದಿಯನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಉಳಿದಿರುವ ಚಿತ್ರವೂ ಬಟ್ಟೆಗೇ ಬಂದುಬಿಡಬಹುದಾದ್ದರಿಂದ, ದುರಸ್ತಿಯ ಮೊದಲ ಹೆಜ್ಜೆ ಬಣ್ಣ ತುಂಬುವುದಲ್ಲ, ಇರುವುದನ್ನು ಹಿಡಿದು ನಿಲ್ಲಿಸುವುದು.

ಅದಕ್ಕಾಗಿ ಅನೇಕರು ದಪ್ಪನೆಯ ಪಾರದರ್ಶಕ ಅಕ್ರಿಲಿಕ್ ಲೇಪವನ್ನು ಸಿಂಪಡಿಸುತ್ತಾರೆ. ಅದು ಸಡಿಲ ಪದರವನ್ನು ಬಂಧಿಸುತ್ತದೆ ನಿಜ, ಆದರೆ ಮುಂದೆ ಅದನ್ನು ತೆಗೆಯಹೊರಟರೆ ಮೂಲ ಶಾಯಿಯೂ ಜೊತೆಗೆ ಹೋಗುವ ಅಪಾಯವಿದೆ. ವಸ್ತುಸಂಗ್ರಹಾಲಯಗಳ ಸಂರಕ್ಷಕರು, ಹಾಕಿದ್ದನ್ನು ಮತ್ತೆ ತೆಗೆಯಲು ಬರಬೇಕೆಂಬ ತತ್ತ್ವದಂತೆ, ಅಸಿಟೋನಿನಲ್ಲಿ ಕರಗುವ ಪ್ಯಾರಲಾಯ್ಡ್ ಬಿ-72 ಎಂಬ ಅಕ್ರಿಲಿಕ್ ರಾಳವನ್ನು ಬಳಸುವುದುಂಟು. ಆದರೆ ರಾಳವನ್ನು ಕರಗಿಸುವ ದ್ರಾವಕ ಶಾಯಿಯನ್ನೂ ಕರಗಿಸುವುದಾದರೆ ಆ ತತ್ತ್ವವೂ ಇಲ್ಲಿ ಕಾಗದದ ಮೇಲಷ್ಟೇ ಉಳಿಯುತ್ತದೆ. ಹಾಗಾಗಿ ಯಾವ ಲೇಪವನ್ನೇ ಆಗಲಿ, ಮೊದಲು ಚೌಕಟ್ಟಿನಡಿ ಮರೆಯಾಗುವ ಅಂಚಿನಲ್ಲಿ ಪರೀಕ್ಷಿಸಿ ನೋಡುವುದು ಲೇಸು.

ಬಣ್ಣ ತುಂಬುವ ಹಂತದಲ್ಲಿ ನಿಜವಾದ ತೊಡಕು ಎದುರಾಗುತ್ತದೆ. ಚಿತ್ರದ ಕೆನ್ನೆಯೊಂದರ ಮೇಲೆ ಬೇಳೆಯಷ್ಟು ಬಣ್ಣ ಉದುರಿದೆ ಎನ್ನೋಣ. ಹಗಲಿನಲ್ಲಿ, ಮುಂದಿನಿಂದ ಬಿದ್ದ ಬೆಳಕಿಗೆ ಸರಿಹೊಂದುವಂತೆ ಬೆರೆಸಿದ ಗುಲಾಬಿ ಬಣ್ಣವನ್ನು ಅಲ್ಲಿ ಹಚ್ಚಿದರೆ ತೇಪೆ ಗೊತ್ತಾಗುವುದೇ ಇಲ್ಲ. ಬಣ್ಣ ಸುತ್ತಲಿನ ಮೂಲ ಪದರದ ಮೇಲೆ ತುಸು ಹರಡಿದ್ದರೂ ಆ ಪದರವೇ ಮುಂದಿರುವುದರಿಂದ ತಪ್ಪು ಮುಚ್ಚಿಹೋಗುತ್ತದೆ. ಹಿಂದಿನ ದೀಪ ಹೊತ್ತಿದೊಡನೆ, ಬಣ್ಣ ದಪ್ಪವಾಗಿದ್ದಲ್ಲಿ ಅದೇ ಕೆನ್ನೆಯಲ್ಲಿ ಕಂದು ಕಲೆ ಮೂಡುತ್ತದೆ, ಎರಡು ಪದರಗಳು ಒಂದರ ಮೇಲೊಂದು ಬಂದಲ್ಲಿ ಕಪ್ಪು ಉಂಗುರ ಕಾಣುತ್ತದೆ. ಎಂದರೆ ಇಲ್ಲಿನ ಬಣ್ಣ ಪ್ರತಿಫಲಿಸುವ ಬೆಳಕಿಗೂ ಹಾಯ್ದು ಬರುವ ಬೆಳಕಿಗೂ ಒಟ್ಟಿಗೇ ಒಪ್ಪಬೇಕು. ಆದ್ದರಿಂದ ಬಲ್ಲವರು ದೀಪವನ್ನು ಹಚ್ಚಿ, ಆರಿಸಿ ನೋಡುತ್ತ, ತೆಳುವಾದ ಪದರಗಳನ್ನು ಒಂದೊಂದಾಗಿ, ಬಿದ್ದ ತೂತಿನ ಎಲ್ಲೆಯೊಳಗೇ ಕೊಡುತ್ತಾರೆ.

ಮರೆಪದರವಿರುವ ಕಡೆ ಈ ಕಷ್ಟವಿಲ್ಲ. ಅಕ್ಷರಗಳಲ್ಲಿ, ಒಂದೇ ಬಣ್ಣದ ಹರಹಿನಲ್ಲಿಯೂ ಕೆಲಸ ಸುಲಭ. ಮುಖ, ಕೈಬೆರಳುಗಳಂಥ ಭಾಗಗಳು ಪೂರ್ತಿ ಉದುರಿದ್ದಲ್ಲಿ ಮಾತ್ರ ದುರಸ್ತಿಗಾರನು ಊಹೆಯಿಂದ ಹೊಸ ಚಿತ್ರವನ್ನೇ ಬರೆಯಬೇಕಾಗುತ್ತದೆ, ಆಗ ಗಾಟ್ಲೀಬ್ ಯಂತ್ರಗಳಿಗೆ ಚಿತ್ರ ಬರೆದ ಕಲಾವಿದ ರಾಯ್ ಪಾರ್ಕರನಂಥವರ ಕೈಚಳಕದ ಜಾಗಕ್ಕೆ ಇನ್ನೊಬ್ಬರ ಕೈ ಬಂದಂತಾಗುತ್ತದೆ. ಹೊಸದಾಗಿ ಮುದ್ರಿಸಿದ ಪ್ರತಿಕೃತಿ ಸಿಗುವುದಾದರೆ ಯಂತ್ರಕ್ಕೆ ಅದನ್ನು ಜೋಡಿಸಿ, ಹಳೆಯ ಫಲಕವನ್ನು ಉದುರಿದ ಸ್ಥಿತಿಯಲ್ಲೇ ಜೋಪಾನವಾಗಿ ತೆಗೆದಿಡುವುದು ಹೆಚ್ಚು ವಿವೇಕದ ದಾರಿ, ಏಕೆಂದರೆ ಖಾಲಿ ಉಳಿದ ಜಾಗವನ್ನು ಮುಂದೆ ಯಾವಾಗ ಬೇಕಾದರೂ ತುಂಬಬಹುದು, ತಪ್ಪಾಗಿ ತುಂಬಿದ್ದನ್ನು ಮೂಲಕ್ಕೆ ಧಕ್ಕೆಯಾಗದಂತೆ ತೆಗೆಯುವುದು ಕಷ್ಟ.